ಒಂದೇ ಮಳೆ, ಎರಡು ಮೈ

ಜೋರಾಗಿ ಮಳೆ ಸುರಿಯುತ್ತಿರುವಾಗ ಒಂದು ಘನಮೀಟರ್ ಗಾಳಿಯೊಳಗಿರುವ ಹನಿಗಳನ್ನೆಲ್ಲ ಒಟ್ಟುಮಾಡಿ ತೂಗಿದರೆ ಅರ್ಧ ಗ್ರಾಂ ಕೂಡ ಆಗುವುದಿಲ್ಲ. ನಂಬುವುದು ಕಷ್ಟ, ಆದರೆ ಲೆಕ್ಕ ಸುಲಭ. ಗಂಟೆಗೆ 10 ಮಿಲಿಮೀಟರ್ ಬೀಳುವ ಮಳೆಯೆಂದರೆ ಕೊಡೆಯಿಲ್ಲದವರು ಅಂಗಡಿ ಸೂರಿನಡಿಗೆ ಓಡುವಂಥ ಮಳೆ. ಅದರ ಹನಿಗಳು ಹೆಚ್ಚುಕಡಿಮೆ ಎರಡು ಮಿಲಿಮೀಟರ್ ದಪ್ಪ ಇರುತ್ತವೆ, ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಇಳಿಯುತ್ತವೆ. ಅಂದರೆ ಒಂದು ಗಂಟೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಬೀಳುವ 10 ಲೀಟರ್ ನೀರು 21,600 ಮೀಟರ್ ಉದ್ದದ ಗಾಳಿಯ ಕಂಬದಲ್ಲಿ ಹಂಚಿಹೋಗಿರುತ್ತದೆ. ಭಾಗಿಸಿದರೆ ಘನಮೀಟರಿಗೆ 0.46 ಗ್ರಾಂ. ಮಳೆಯ ನಡುವೆ ನಿಂತವನ ಸುತ್ತ ಇರುವುದು ಬಹುಮಟ್ಟಿಗೆ ಒಣ ಜಾಗವೇ. ಹಾಗಿದ್ದೂ ನಾವು ತೊಯ್ದು ತೊಪ್ಪೆಯಾಗುವುದು ಎರಡು ಕಾರಣಕ್ಕೆ: ಮೇಲಿನಿಂದ ಹನಿ ಬೀಳುತ್ತಲೇ ಇರುತ್ತದೆ, ನಾವು ಮುಂದೆ ಸಾಗುತ್ತ ಎದುರಿನ ಹನಿಗಳನ್ನು ಗುಡಿಸಿಕೊಳ್ಳುತ್ತಲೇ ಇರುತ್ತೇವೆ. ಮೂರನೆಯ ಕಾರಣವೊಂದು ಒಳಗಿನಿಂದ ಬರುತ್ತದೆ, ಅದು ಬೆವರು. ಮಗುವನ್ನು ಸ್ಟ್ರಾಲರಿನಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವವರಿಗೆ ಈ ಮೂರೂ ಒಟ್ಟಿಗೆ ಎದುರಾಗುತ್ತವೆ. ಅದೂ ಒಬ್ಬರಿಗಲ್ಲ, ಇಬ್ಬರಿಗೆ. ತಳ್ಳುವವರ ಮೈಗೂ ಕೂತ ಮಗುವಿನ ಮೈಗೂ ಬೇಕಾದ ರಕ್ಷಣೆ ಒಂದೇ ಬಗೆಯದಲ್ಲ, ಕೆಲವು ವಿಷಯದಲ್ಲಿ ತದ್ವಿರುದ್ಧ. ಇದನ್ನು ಗಮನಿಸದೆ ಕೊಳ್ಳುವ ಕೊಡೆ, ರೇನ್‌ಕೋಟ್, ಪ್ಲಾಸ್ಟಿಕ್ ಕವರುಗಳು ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ.

ಹನಿಯ ಗಾತ್ರದಿಂದ ಶುರುಮಾಡೋಣ, ಏಕೆಂದರೆ ಮಿಕ್ಕದ್ದೆಲ್ಲ ಅದನ್ನು ಅವಲಂಬಿಸಿದೆ. ಹಿಮಹರಳುಗಳ ಫೋಟೋಗಳಿಂದ ಹೆಸರಾದ ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ ಮಳೆಹನಿಯನ್ನು ಅಳೆಯಲು ಅಡುಗೆಮನೆಯ ಉಪಾಯವನ್ನೇ ಹಿಡಿದ. ತಟ್ಟೆಯಲ್ಲಿ ಒಂದಂಗುಲ ಎತ್ತರಕ್ಕೆ ನುಣ್ಣನೆಯ ಹಿಟ್ಟು ಹರಡಿ ಕೆಲವು ಸೆಕೆಂಡು ಮಳೆಗೆ ಹಿಡಿಯುವುದು. ಬಿದ್ದ ಪ್ರತಿ ಹನಿಯೂ ಹಿಟ್ಟನ್ನು ಕಲಸಿಕೊಂಡು ಪುಟ್ಟ ಉಂಡೆಯಾಗುತ್ತದೆ. ಒಣಗಿದ ಮೇಲೆ ಉಂಡೆಗಳನ್ನು ಹೆಕ್ಕಿ ಅಳೆದರಾಯಿತು. 1904ರಲ್ಲಿ ಆತ ಪ್ರಕಟಿಸಿದ ಈ ವಿಧಾನ ಮುಂದೆ ವಿಜ್ಞಾನಿಗಳ ಕೈಯಲ್ಲೂ ಬಳಕೆಗೆ ಬಂತು. ಹನಿ ಬೀಳುವ ವೇಗವನ್ನು ನಿಖರವಾಗಿ ಅಳೆದು ಕೊಟ್ಟವರು ರಾಸ್ ಗನ್ ಮತ್ತು ಗಿಲ್ಬರ್ಟ್ ಕಿಂಜರ್, 1949ರಲ್ಲಿ. ಅರ್ಧ ಮಿಲಿಮೀಟರ್ ದಪ್ಪದ ತುಂತುರುಹನಿ ಸೆಕೆಂಡಿಗೆ ಸುಮಾರು 2 ಮೀಟರ್, ಎರಡು ಮಿಲಿಮೀಟರಿನದು ಆರೂವರೆ ಮೀಟರ್, ಐದು ಮಿಲಿಮೀಟರಿನ ದಪ್ಪಹನಿ 9 ಮೀಟರ್ ವೇಗದಲ್ಲಿ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ದಪ್ಪವಾದ ಹನಿ ಗಾಳಿಯ ಒತ್ತಡ ತಾಳದೆ ಒಡೆದುಹೋಗುತ್ತದೆ. ಗಂಟೆಗೆ ನಾಲ್ಕೂವರೆ ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ 1.25 ಮೀಟರಿನಂತೆ ನಡೆಯುವವರ ಕಣ್ಣಿಗೆ ಎರಡು ಮಿಲಿಮೀಟರಿನ ಹನಿ ಹನ್ನೊಂದು ಡಿಗ್ರಿಯಷ್ಟೇ ಓರೆಯಾಗಿ ಕಾಣುತ್ತದೆ. ತುಂತುರು ಮೂವತ್ತು ಡಿಗ್ರಿಗೂ ಮಿಕ್ಕಿ ಓರೆಯಾಗಿ ಮುಖಕ್ಕೇ ಬರುತ್ತದೆ. ಸಾಧು ಎನಿಸುವ ಸೋನೆ ಕೊಡೆಯಡಿಗೆ ನುಸುಳುವುದಕ್ಕೂ ಜಡಿಮಳೆಯಲ್ಲಿ ಎದೆಭಾಗ ಒಂದಿಷ್ಟು ಹೊತ್ತು ಒಣಗಿರುವುದಕ್ಕೂ ಕಾರಣ ಇದೇ. ಇದಿಷ್ಟೂ ಗಾಳಿಯಿಲ್ಲದಾಗಿನ ಮಾತು. ಸೆಕೆಂಡಿಗೆ 5 ಮೀಟರ್ ಗಾಳಿ ಎದುರು ಬೀಸಿದರೆ ಎರಡು ಮಿಲಿಮೀಟರಿನ ಹನಿಯೂ ನಲವತ್ತು ಡಿಗ್ರಿಗೂ ಮಿಕ್ಕಿ ಓರೆಯಾಗುತ್ತದೆ. ಆಗ ಅದು ಮಳೆಯಲ್ಲ, ಎರಚಲು.

ಮಳೆಯಲ್ಲಿ ಓಡಬೇಕೋ ನಡೆಯಬೇಕೋ ಎಂಬ ಹಳೆಯ ತಕರಾರು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಕಿಲೋಮೀಟರ್ ದಾರಿ, ಗಂಟೆಗೆ 10 ಮಿಲಿಮೀಟರ್ ಮಳೆ, ಗಾಳಿಯಿಲ್ಲ ಎಂದಿಟ್ಟುಕೊಳ್ಳಿ. ವಯಸ್ಕರ ಮುಂಭಾಗದ ವಿಸ್ತಾರ ಸುಮಾರು 0.7 ಚದರ ಮೀಟರ್. ಕಿಲೋಮೀಟರ್ ಉದ್ದಕ್ಕೆ ಅದು ಗುಡಿಸುವುದು 700 ಘನಮೀಟರ್ ಗಾಳಿಯನ್ನು, ಸಿಗುವ ನೀರು 320 ಗ್ರಾಂ. ಓಡಿದರೂ ತೆವಳಿದರೂ ಈ ಪಾಲು ಬದಲಾಗದು, ಏಕೆಂದರೆ ಅದು ದೂರದ ಲೆಕ್ಕ. ತಲೆ, ಹೆಗಲುಗಳ ಮೇಲೆ ಬೀಳುವುದು ಸಮಯದ ಲೆಕ್ಕ. 0.15 ಚದರ ಮೀಟರಿನ ಮೇಲೆ ಹದಿಮೂರು ಚಿಲ್ಲರೆ ನಿಮಿಷ ಮಳೆ ಬಿದ್ದರೆ 330 ಗ್ರಾಂ. ವೇಗ ದುಪ್ಪಟ್ಟಾದರೆ ಇದು ಅರ್ಧಕ್ಕಿಳಿಯುತ್ತದೆ, ಒಟ್ಟಾರೆ ಕಾಲುಭಾಗದಷ್ಟು ಉಳಿತಾಯ. ಅಮೆರಿಕದ ಹವಾಮಾನ ತಜ್ಞರಾದ ಥಾಮಸ್ ಪೀಟರ್ಸನ್ ಮತ್ತು ಟ್ರೆವರ್ ವಾಲಿಸ್ ತೊಂಬತ್ತರ ದಶಕದಲ್ಲಿ ಇದನ್ನು ಮೈಮೇಲೇ ಪರೀಕ್ಷಿಸಿದರು. ಒಂದೇ ಬಗೆಯ ಬಟ್ಟೆ ತೊಟ್ಟು, ನೂರು ಮೀಟರ್ ದೂರವನ್ನು ಒಬ್ಬರು ನಡೆದು, ಇನ್ನೊಬ್ಬರು ಓಡಿ ಕ್ರಮಿಸಿ, ಬಟ್ಟೆಯನ್ನು ಮೊದಲೂ ಆಮೇಲೂ ತೂಗಿದರು. ಓಡಿದವರ ಬಟ್ಟೆ ಹೀರಿಕೊಂಡ ನೀರು ಸುಮಾರು ಶೇ. 40ರಷ್ಟು ಕಡಿಮೆ. ಇಟಲಿಯ ಫ್ರಾಂಕೋ ಬೊಚ್ಚಿ 2012ರಲ್ಲಿ ಇದೇ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ಮಾಡಿ, ಉತ್ತರವು ಗಾಳಿಯ ದಿಕ್ಕಿನ ಮೇಲೂ ಮೈಯ ಆಕಾರದ ಮೇಲೂ ನಿಂತಿದೆ ಎಂದು ತೋರಿಸಿದರು. ಆಕಾರದ ಈ ಮಾತು ನಮಗೆ ಮುಖ್ಯ. ನಿಂತ ಮನುಷ್ಯನ ಮುಂಭಾಗ ದೊಡ್ಡದು, ಮೇಲ್ಭಾಗ ಚಿಕ್ಕದು. ಸ್ಟ್ರಾಲರಿನಲ್ಲಿ ಒರಗಿ ಕಾಲುಚಾಚಿದ ಮಗುವಿನದು ಅದರ ತಿರುಗುಮುರುಗು. ಸೀಟು, ತೊಡೆ, ಕಾಲಿಡುವ ಜಾಗ ಸೇರಿ ಆಕಾಶಕ್ಕೆ ತೆರೆದಿರುವುದು ಸುಮಾರು 0.4 ಚದರ ಮೀಟರ್. ಅದೇ ಕಿಲೋಮೀಟರಿನಲ್ಲಿ ಅದರ ಮೇಲೆ ಬೀಳುವ ನೀರು ಮುಕ್ಕಾಲು ಲೀಟರನ್ನೂ ಮೀರಿ ಒಂದು ಲೀಟರಿನ ಹತ್ತಿರಕ್ಕೆ ಬರುತ್ತದೆ. ಹತ್ತು ಕಿಲೋ ತೂಕದ ಕೂಸು ಅರವತ್ತು ಕಿಲೋ ತೂಕದವರಿಗಿಂತ ಹೆಚ್ಚು ಮಳೆಯನ್ನು ಹಿಡಿಯುತ್ತದೆ!

ಇಂಥ ಗಾಡಿಯನ್ನು ರೂಪಿಸಿದವರಿಗೆ ಮಳೆಯ ಚಿಂತೆ ಇರಲಿಲ್ಲವೇ? ಇಂದು ಜಗತ್ತಿನ ಎಲ್ಲೆಡೆ ಕಾಣುವ ಮಡಚುವ ಸ್ಟ್ರಾಲರಿನ ಮೂಲಪುರುಷ ಇಂಗ್ಲೆಂಡಿನ ಓವನ್ ಮ್ಯಾಕ್ಲಾರೆನ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಡಚುವ ಚಕ್ರಗಳ ವಿನ್ಯಾಸದಲ್ಲಿ ಪಳಗಿದ್ದ ಎಂಜಿನಿಯರ್. 1965ರಲ್ಲಿ ಆತ ಪೇಟೆಂಟಿಗೆ ಸಲ್ಲಿಸಿದ ಅಲ್ಯೂಮಿನಿಯಂ ಗಾಡಿ ಕೊಡೆಯಂತೆಯೇ ಮುಚ್ಚಿಕೊಳ್ಳುತ್ತಿತ್ತು. ಬಸ್ಸು, ರೈಲು, ಕಾರಿನ ಡಿಕ್ಕಿಗೆ ಅದು ಹೇಳಿಮಾಡಿಸಿದ್ದು. ಆದರೆ ಮಡಚುವ ಅನುಕೂಲಕ್ಕಾಗಿ ಹಳೆಯ ತೊಟ್ಟಿಲುಗಾಡಿಯಾದ ಪ್ರ್ಯಾಮಿನ ಆಳವಾದ ತೊಟ್ಟಿಯೂ ಗಟ್ಟಿ ಹುಡ್ಡೂ ಹೋದವು. ಬಂದದ್ದು ಜೋಲು ಬಟ್ಟೆಯ ಸೀಟು. ಮುಂದೆ ಸೇರಿದ ತೆಳ್ಳನೆಯ ಹುಡ್ ಬಿಸಿಲಿಗೆ ಸಾಕು, ಮಳೆಗೆ ಸಾಲದು. ಅದರ ಮೇಲೆ ಬಿದ್ದ ನೀರು ಹೊಲಿಗೆಯ ಗುಂಟ ಜಾರಿ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತದೆ. ಚಕ್ರವೊಂದು ಚಪ್ಪಡಿಯ ಅಂಚಿಗೆ ತಗುಲಿದ ಕೂಡಲೇ ಅಷ್ಟೂ ಹನಿ ಒಮ್ಮೆಲೇ ಮಗುವಿನ ಮಡಿಲಿಗೆ. ಇಂಗ್ಲೆಂಡಿನಂಥ ದೇಶದಲ್ಲಿ ಹುಟ್ಟಿದ ವಾಹನಕ್ಕೆ ಇದು ಸಣ್ಣ ಕೊರತೆಯಲ್ಲ. ವರ್ಷದ ಮೊತ್ತ ನೋಡಿದರೆ ಲಂಡನ್ನಿನ ಮಳೆ ಸುಮಾರು 600 ಮಿಲಿಮೀಟರ್, ಬೆಂಗಳೂರಿನದಕ್ಕಿಂತ ಎಷ್ಟೋ ಕಡಿಮೆ. ಆದರೆ ಅದು ವರ್ಷವಿಡೀ ನೂರಕ್ಕೂ ಹೆಚ್ಚು ದಿನಗಳಲ್ಲಿ ಚೂರುಚೂರಾಗಿ ಬೀಳುತ್ತದೆ. ಕಾದು ನಿಂತರೆ ಬಿಡುವ ಮಳೆ ಅದಲ್ಲ.

ಕೊಡೆ ಹಿಡಿಯಬಹುದಲ್ಲ ಎನ್ನುವವರು ಮೊದಲು ಕೈಗಳನ್ನು ಎಣಿಸಬೇಕು. ಸ್ಟ್ರಾಲರಿಗೆ ಎರಡೂ ಕೈ ಬೇಕು. ಒಂದೇ ಕೈಯಲ್ಲಿ ತಳ್ಳಿದರೆ ಗಾಡಿ ಪಕ್ಕಕ್ಕೆಳೆಯುತ್ತದೆ, ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ. ತಳ್ಳುವವರ ತಲೆಯ ಮೇಲಿನ ಮೀಟರ್ ಅಗಲದ ಕೊಡೆಯ ಅಂಚು ಎದೆಯಿಂದ ಅರ್ಧ ಮೀಟರ್ ಮುಂದಕ್ಕೆ ನಿಲ್ಲುತ್ತದೆ. ಮಗು ಇರುವುದು ಅದರಾಚೆ, ಸರಿಯಾಗಿ ಕೊಡೆಯ ನೀರು ತೊಟ್ಟಿಕ್ಕುವ ಜಾಗದಲ್ಲಿ. ಹಿಡಿಕೆಗೆ ಕೊಡೆಯನ್ನು ಬಿಗಿಯುವ ಕ್ಲಿಪ್ಪುಗಳು ಮಾರುಕಟ್ಟೆಯಲ್ಲಿವೆ, ಬಿಸಿಲಿಗೆ ಅಡ್ಡಿಯಿಲ್ಲ. ಮಳೆಗಾಳಿಗೆ ಅವು ಅಪಾಯ, ಇದೂ ಲೆಕ್ಕದ ಮಾತೇ. ಸೆಕೆಂಡಿಗೆ 10 ಮೀಟರ್ ವೇಗದ ಒಂದು ಬೀಸುಗಾಳಿ ಮುಂಗಾರಿನಲ್ಲಿ ಏನೂ ವಿಶೇಷವಲ್ಲ. ಅದು ಮೀಟರ್ ಅಗಲದ ಕೊಡೆಯನ್ನು ಸುಮಾರು ಐದೂವರೆ ಕಿಲೋ ತೂಕಕ್ಕೆ ಸಮನಾದ ಬಲದಿಂದ ನೂಕುತ್ತದೆ. ಆ ಬಲ ನೆಲದಿಂದ ಒಂದೂವರೆ ಮೀಟರ್ ಮೇಲೆ ಕೆಲಸಮಾಡುತ್ತದೆ. ಗಾಡಿಯನ್ನು ನೆಲಕ್ಕೆ ಹಿಡಿದಿರುವುದು ಮಗುವೂ ಸೇರಿ ಹದಿನೆಂಟು ಕಿಲೋ, ಅದೂ ಚಕ್ರದಿಂದ ಒಂದಡಿ ಒಳಗೆ. ಎರಡನ್ನೂ ಗುಣಿಸಿ ಹೋಲಿಸಿದರೆ ಮಗುಚುವ ಬಲವೇ ಒಂದೂವರೆ ಪಟ್ಟು ಹೆಚ್ಚು. ಕ್ಷಣಕಾಲ ಕೈಬಿಟ್ಟರೂ ಗಾಡಿ ಬಿದ್ದೀತು. ಹಾಗಾಗಿ ಗಾಳಿ ಸಹಿತ ಮಳೆಯಲ್ಲಿ ಸ್ಟ್ರಾಲರಿಗೆ ಕೊಡೆ ಕಟ್ಟಲೇಬಾರದು. ಇದರಲ್ಲಿ ನಡುವಿನ ದಾರಿ ಇಲ್ಲ.

ಉಳಿಯುವುದು ತಳ್ಳುವವರಿಗೆ ರೇನ್‌ಕೋಟು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ನ್ಯಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಅಂಟಿಸಿ ನೀರು ಇಳಿಯದ ಬಟ್ಟೆಗೆ ಪೇಟೆಂಟ್ ಪಡೆದ. ನೀರು ಒಳಗೆ ಬರದ ಆ ಕೋಟಿನಿಂದ ಬೆವರು ಹೊರಗೂ ಹೋಗುತ್ತಿರಲಿಲ್ಲ. ತೊಟ್ಟವರು ಮಳೆಯಿಂದ ಪಾರಾಗಿ ತಮ್ಮದೇ ಹಬೆಯಲ್ಲಿ ಬೇಯುತ್ತಿದ್ದರು. ಇದಕ್ಕೊಂದು ಪರಿಹಾರವೆಂಬಂತೆ ಬಂದದ್ದು 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನನ್ನು ಥಟ್ಟನೆ ಹಿಗ್ಗಿಸಿ ಪಡೆದ ಸೂಕ್ಷ್ಮರಂಧ್ರಗಳ ಪೊರೆ, ಗೋರ್‌ಟೆಕ್ಸ್. ಅದರ ರಂಧ್ರ ನೀರಹನಿಗೆ ತೀರ ಕಿರಿದು, ಆವಿಯ ಅಣುವಿಗೆ ಧಾರಾಳ ದೊಡ್ಡದು. ಈ ಬಗೆಯ ಬಟ್ಟೆಗಳ ಮೇಲೆ ದಿನಕ್ಕೆ ಚದರ ಮೀಟರಿಗೆ ಇಷ್ಟು ಸಾವಿರ ಗ್ರಾಂ ಆವಿ ಹೊರಹೋಗುತ್ತದೆ ಎಂದು ಬರೆದಿರುತ್ತಾರೆ. ಆ ಅಂಕಿ ಪ್ರಯೋಗಾಲಯದ್ದು. ಆವಿಗೆ ಸ್ವಂತ ಕಾಲಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದು ಹೊರಗೆ ಹೋಗುತ್ತದೆ. ಬೆವರಿದ ಮೈಯ ಪಕ್ಕದ ಗಾಳಿಯಲ್ಲಿ ಈ ಒತ್ತಡ ಸುಮಾರು 5 ಕಿಲೋಪಾಸ್ಕಲ್. ಏಳು ಡಿಗ್ರಿ ಚಳಿಯ ಲಂಡನ್ನಿನಲ್ಲಿ ಹೊರಗಿನದು ಒಂದಕ್ಕಿಂತ ಕಡಿಮೆ, ಹಾಗಾಗಿ ವ್ಯತ್ಯಾಸ ನಾಲ್ಕರಷ್ಟು. ಆಷಾಢದ ಮಂಗಳೂರಿನಲ್ಲಿ 26 ಡಿಗ್ರಿ ಸೆಖೆ, ಶೇ. 90 ತೇವಾಂಶ. ಅಲ್ಲಿ ಹೊರಗಿನ ಒತ್ತಡವೇ ಮೂರು, ವ್ಯತ್ಯಾಸ ಬರೀ ಎರಡು. ಅದೇ ಜಾಕೆಟ್ಟು ಇಲ್ಲಿ ಅರ್ಧದಷ್ಟೇ ಉಸಿರಾಡುತ್ತದೆ. ಬೆವರು ಮಾತ್ರ ಇಲ್ಲಿಯೇ ಹೆಚ್ಚು. ಚುರುಕಾಗಿ ನಡೆಯುವ ಮೈ ಸುಮಾರು 300 ವಾಟ್ ಶಾಖ ಹೊಮ್ಮಿಸುತ್ತದೆ. ಅದರಲ್ಲಿ ಅರ್ಧವನ್ನು ಬೆವರಿನ ಮೂಲಕ ಕಳೆಯಬೇಕೆಂದರೂ ಗಂಟೆಗೆ 220 ಗ್ರಾಂ ನೀರು ಆವಿಯಾಗಬೇಕು. ಅದು ಕೋಟಿನೊಳಗೇ ಉಳಿದರೆ ಒಂದು ಬನಿಯನ್ನನ್ನು ಹಿಂಡುವಷ್ಟು ಒದ್ದೆಮಾಡುತ್ತದೆ. ಹತ್ತಾರು ಸಾವಿರ ರೂಪಾಯಿಯ ಜಾಕೆಟ್ ಕರಾವಳಿಯ ಮಳೆಗೆ ದಂಡದ ಖರ್ಚು ಎಂದೇ ನನ್ನ ಅಭಿಪ್ರಾಯ.

ಎರಡೂ ಕೈ ಕೆಲಸದಲ್ಲಿರುವಾಗ ಮಳೆ ತಡೆಯುವುದು ಹೇಗೆಂಬ ಪ್ರಶ್ನೆ ಸ್ಟ್ರಾಲರಿಗಿಂತ ಬಹಳ ಹಳೆಯದು. ಮಲೆನಾಡು, ಕರಾವಳಿಯ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರ ಗೊರಬು ಅದಕ್ಕೆ ಸಿಕ್ಕ ಜಾಣ ಉತ್ತರ. ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಮಾಡಿದ ಅದು ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುತ್ತದೆ, ಮುಂಭಾಗ ಪೂರ್ತಿ ತೆರೆದಿರುತ್ತದೆ. ಬಗ್ಗಿ ನೆಡುವವರ ಮೈಯಲ್ಲಿ ಆಕಾಶಕ್ಕೆ ತೆರೆದುಕೊಳ್ಳುವುದು ಬೆನ್ನು. ಅಲ್ಲಿಗೆ ಮಾತ್ರ ಸೂರು, ಮಿಕ್ಕೆಲ್ಲ ಕಡೆ ಗಾಳಿ. ಆವಿ ಪೊರೆಯ ರಂಧ್ರ ಹುಡುಕಿಕೊಂಡು ಹೋಗಬೇಕಿಲ್ಲ. ಗಂಡಸರು ತಲೆಯ ಮೇಲಿನಿಂದ ಹೊದೆಯುವ ಕಂಬಳಿ ಕೊಪ್ಪೆಯ ತತ್ವ ಬೇರೆ. ಉಣ್ಣೆ ತನ್ನ ತೂಕದ ಮೂರನೆಯ ಒಂದರಷ್ಟು ತೇವವನ್ನು ಎಳೆಗಳೊಳಗೆ ಹೀರಿಕೊಂಡೂ ಚರ್ಮಕ್ಕೆ ಒದ್ದೆಯೆನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಹಾಗೆಂದು ನೆಟ್ಟಗೆ ನಿಂತು ಗಾಡಿ ತಳ್ಳುವವರು ಗೊರಬು ತೊಡಬೇಕೆಂದಲ್ಲ. ಅವರ ಮಳೆ ಮುಂದಿನಿಂದ ಬರುತ್ತದೆ. ತೆಗೆದುಕೊಳ್ಳಬೇಕಾದ್ದು ಗೊರಬಿನ ಹಿಂದಿನ ಲೆಕ್ಕವನ್ನು: ನೀರು ಬರುವ ಕಡೆ ಮುಚ್ಚು, ಮಿಕ್ಕ ಕಡೆ ತೆರೆದಿಡು. ಮೊಣಕಾಲವರೆಗೆ ಜೋತುಬೀಳುವ ಸಡಿಲ ಪಾಂಚೋ ಹೀಗೆ ಕೆಲಸಮಾಡುತ್ತದೆ. ಪ್ರತಿ ಹೆಜ್ಜೆಗೂ ಅದರ ಅಡಿಯ ಗಾಳಿ ಅಲುಗಿ ಹೊರಬೀಳುತ್ತದೆ. ಅಂಚಿನ ಟೋಪಿಯೊಂದು ಜೊತೆಗಿದ್ದರೆ ಮುಖಕ್ಕೂ ಕನ್ನಡಕಕ್ಕೂ ರಕ್ಷಣೆ. ಮೊಣಕಾಲ ಕೆಳಗೆ ನೆನೆಯುವುದನ್ನು ಒಪ್ಪಿಕೊಂಡು ಬೇಗ ಆರುವ ಬಟ್ಟೆ, ಜಾರದ ಚಪ್ಪಲಿ ಹಾಕುವುದೇ ಮೇಲು. ನಡೆಯುತ್ತಿರುವವರೆಗೆ 300 ವಾಟಿನ ಮೈಗೆ ಅಷ್ಟು ನೀರು ಏನೂ ಮಾಡದು.

ಮಗುವಿನ ಮೈಗೆ ಈ ಧಾರಾಳತನ ಇಲ್ಲ. ಅದು ಕೂತಿದೆ, ಅದರ ಶಾಖ 40 ವಾಟಿನ ಆಸುಪಾಸು. ಹತ್ತು ಕಿಲೋ ಮಗುವಿನ ಚರ್ಮದ ವಿಸ್ತಾರ ಅರ್ಧ ಚದರ ಮೀಟರಿಗೆ ತುಸು ಕಡಿಮೆ. ಪ್ರತಿ ಕಿಲೋ ತೂಕಕ್ಕೆ ಲೆಕ್ಕಹಾಕಿದರೆ ಅದು ವಯಸ್ಕರದಕ್ಕಿಂತ ಒಂದೂಮುಕ್ಕಾಲು ಪಟ್ಟು. ನೀರು ನಿಂತ ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖ ಒಯ್ಯುತ್ತದೆ. ಬಟ್ಟೆ ನೆನೆದರೆ ಮಗು ಬಲುಬೇಗ ತಣ್ಣಗಾಗುತ್ತದೆ. ನೆನೆದದ್ದಕ್ಕೆ ನೆಗಡಿ ಬರುವುದಲ್ಲ, ಅದನ್ನು ತರುವುದು ವೈರಸ್; ಮೈ ತಣ್ಣಗಾಗುವುದೇ ಬೇರೆ ತೊಂದರೆ, ಅದು ನಿಜವಾದದ್ದು. ಆದ್ದರಿಂದ ತಳ್ಳುವವರಿಗೆ ತೆರೆದ ಹೊದಿಕೆ ಬೇಕಾದರೆ ಮಗುವಿಗೆ ನೀರು ಇಳಿಯದ ಪೂರ್ಣ ಕವರೇ ಬೇಕು. ತೊಡಕು ಶುರುವಾಗುವುದು ಅಲ್ಲೇ. ಪಾರದರ್ಶಕ ಕವರಿನ ಒಳಬದಿಯನ್ನು ಹತ್ತಿರದಿಂದ ನೋಡಿ. ಮಗುವಿನ ಬಾಯಿಯ ಎದುರಿಗೆ ಮೊದಲು ರೂಪಾಯಿಯಗಲದ ಮಬ್ಬು ಮೂಡುತ್ತದೆ, ಅದು ಹರಡುತ್ತದೆ, ಮಬ್ಬಿನೊಳಗೆ ಸಾಸಿವೆಗಿಂತ ಸಣ್ಣ ಹನಿಗಳು ಕೂಡಿ ದಪ್ಪವಾಗಿ ಒಂದು ಗೆರೆ ಕೆಳಗಿಳಿಯುತ್ತದೆ. ಉಸಿರಿನ ಆವಿ ಹೊರಹೋಗಲು ದಾರಿ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಡ. ಕವರಿನೊಳಗಿನ ಜಾಗ ನೂರೈವತ್ತು ಲೀಟರ್ ಇದ್ದು, ಒಂದಿಷ್ಟೂ ಗಾಳಿಯಾಡದೆ ಹೋದರೆ, ಮಗುವಿನ ಉಸಿರಿನ ಇಂಗಾಲದ ಡೈಆಕ್ಸೈಡು ಹತ್ತು ನಿಮಿಷಕ್ಕೆ ಅರ್ಧ ಶೇಕಡಾ ದಾಟುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದರ ಹತ್ತುಪಟ್ಟಿಗೂ ಹೆಚ್ಚು. ಗಾಡಿಗೆಂದೇ ಮಾಡಿದ ಕವರುಗಳಲ್ಲಿ ಪಕ್ಕದ ರಂಧ್ರಗಳಿರುವುದು ಇದಕ್ಕೇ. ತಗ್ಗಿನ ಬೆಲೆಗೆ ಸಿಕ್ಕಿತೆಂದು ಟೇಬಲ್ಲಿಗೆ ಹೊದಿಸುವ ಪ್ಲಾಸ್ಟಿಕ್ಕನ್ನು ಗಾಡಿಗೆ ಸುತ್ತುವುದು, ಚಳಿಯೆಂದು ಕವರಿನ ಕೆಳಅಂಚನ್ನು ಒಳಗೆ ತುರುಕುವುದು ಎರಡೂ ತಪ್ಪು. ಇನ್ನೊಂದು ಎಚ್ಚರ: ಮಬ್ಬಿನ ಸೂಚನೆ ಚಳಿನಾಡಿನದು. ಪ್ಲಾಸ್ಟಿಕ್ ತಣ್ಣಗಿದ್ದರಷ್ಟೇ ಆವಿ ಅದರ ಮೇಲೆ ಹನಿಗಟ್ಟುತ್ತದೆ. ನಮ್ಮ ಬೆಚ್ಚನೆಯ ಮಳೆಯಲ್ಲಿ ಕವರು ತಿಳಿಯಾಗಿ ಕಾಣುತ್ತಲೇ ಒಳಗೆ ಉಸಿರುಗಟ್ಟಿರಬಹುದು. ಇಲ್ಲಿ ನಂಬಬೇಕಾದ್ದು ಮಗುವಿನ ಕುತ್ತಿಗೆಯ ಹಿಂಬದಿಯನ್ನು ಮುಟ್ಟಿನೋಡುವ ಬೆರಳನ್ನು. ಅಲ್ಲಿ ಬೆವರಿದ್ದರೆ ಒಂದು ಪದರ ಬಟ್ಟೆ ಕಡಿಮೆ ಮಾಡಬೇಕು.

ಹಾಗಾದರೆ ಕವರೇ ಬೇಡ ಎನ್ನುವವರೂ ಇದ್ದಾರೆ. ಅವರ ಆತಂಕ ಅರ್ಧ ಸರಿ. ಆದರೆ ವಾಹನಗಳ ರಸ್ತೆಯಲ್ಲಿ ಕವರು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸ್ಟ್ರಾಲರಿನಲ್ಲಿ ಮಗುವಿನ ಮೂಗು ಇರುವುದು ಕಾರಿನ ಹೊಗೆಕೊಳವೆಯ ಎತ್ತರದ ಆಸುಪಾಸಿನಲ್ಲಿ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಪ್ರಶಾಂತ್ ಕುಮಾರ್ ಮತ್ತು ಸಂಗಡಿಗರು ಗಾಡಿಯಲ್ಲಿನ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಕಲುಷಿತ ಗಾಳಿ ಸೇವಿಸುತ್ತಾರೆಂದು ತೋರಿಸಿದವರು. ಕವರು ಹಾಕಿದಾಗ ಸೂಕ್ಷ್ಮ ಕಣಗಳು ಶೇ. 39ರವರೆಗೆ ಕಡಿಮೆಯಾದುದನ್ನೂ ಅವರೇ ಅಳೆದಿದ್ದಾರೆ. ಮಗುವನ್ನು ಎತ್ತಿಕೊಂಡೇ ಹೋದರೆ ಈ ರಗಳೆಯೇ ಇಲ್ಲವಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎದೆಗೆ ಕಟ್ಟಿಕೊಂಡ ಕೂಸು ದೊಡ್ಡವರ ಶಾಖವನ್ನೇ ಹಂಚಿಕೊಳ್ಳುತ್ತದೆ, ಒಂದೇ ಕೊಡೆ ಇಬ್ಬರಿಗೂ ಸಾಕು. ಫುಟ್‌ಪಾತಿನ ಚಪ್ಪಡಿ ಎಲ್ಲಿ ಬಾಯ್ದೆರೆದಿದೆಯೋ ತಿಳಿಯದ ನಮ್ಮ ಊರುಗಳಲ್ಲಿ ಪುಟ್ಟ ಕೂಸಿಗೆ, ಹತ್ತಿರದ ದಾರಿಗೆ ಅದೇ ಸರಿ. ಹತ್ತು ಹನ್ನೆರಡು ಕಿಲೋ ಮಗುವಿಗೆ, ಜಾರುವ ನೆಲಕ್ಕೆ, ಕಿಲೋಮೀಟರುಗಟ್ಟಲೆ ದಾರಿಗೆ ಆ ಮಾತು ಹೊಂದದು. ಇನ್ನು ನಿಂತು ಕಾಯುವುದು: ಬೆಂಗಳೂರಿನ ಸಂಜೆಯ ಗುಡುಗುಮಳೆಗೆ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಆ ಮಳೆಯ ಜೋರೆಲ್ಲ ಮೊದಲ ಅಬ್ಬರದಲ್ಲೇ ಮುಗಿಯುತ್ತದೆ, ಸೂರಿನಡಿ ಕಾಲು ಗಂಟೆ ನಿಂತರೆ ಹೊಡೆತ ತಪ್ಪುತ್ತದೆ. ಆಗುಂಬೆಯ ಜುಲೈಗೂ ಲಂಡನ್ನಿನ ನವೆಂಬರಿಗೂ ಈ ಉಪಾಯ ನಡೆಯುವುದಿಲ್ಲ.

ಕೊನೆಯದಾಗಿ, ಮಳೆ ನಿಂತ ಮೇಲಿನ ಮಾತು. ಪ್ಲಾಸ್ಟಿಕ್ ಬಿಸಿಲನ್ನು ಒಳಗೆ ಬಿಡುತ್ತದೆ, ಬಿಸಿಯಾದ ಗಾಳಿಯನ್ನು ಹೊರಗೆ ಬಿಡುವುದಿಲ್ಲ. ಸ್ವೀಡನ್ನಿನ ಸ್ವೆನ್‌ಸ್ಕಾ ಡಾಗ್‌ಬ್ಲಾಡೆಟ್ ಪತ್ರಿಕೆ 2014ರಲ್ಲಿ ಒಂದು ಪ್ರ್ಯಾಮನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದು ನೋಡಿತು. ತೆರೆದಿದ್ದಾಗ ಒಳಗೆ 22 ಡಿಗ್ರಿ. ಬರೀ ತೆಳುಬಟ್ಟೆ ಹೊದಿಸಿದ ಅರ್ಧ ಗಂಟೆಗೆ 34, ಒಂದು ಗಂಟೆಗೆ 37. ಅದು ಸ್ವೀಡನ್ನಿನ ಬಿಸಿಲು, ಗಾಳಿಯಾಡುವ ಬಟ್ಟೆ. ಪ್ಲಾಸ್ಟಿಕ್ ಕವರಿನೊಳಗೆ, ನಮ್ಮ ಭಾದ್ರಪದದ ಬಿಸಿಲಿನಲ್ಲಿ ಪಾದರಸ ಎಲ್ಲಿಗೆ ಏರಬಹುದೆಂದು ನೀವೇ ಊಹಿಸಿ. ಮಳೆ ಬಿಟ್ಟು ಬಿಸಿಲು ಬಂದಾಗ ನಿಮ್ಮ ರೇನ್‌ಕೋಟಿನ ಗುಂಡಿಗೆ ಕೈಹಾಕುವ ಮೊದಲು ಮಗುವಿನ ಕವರನ್ನು ತೆಗೆಯಿರಿ.